ಪುಕ್ಕಟೆ ಹುಲ್ಲು

ನವೆಂಬರ್ 4

ಅಪ್ಪಾ,

ನಾನು ಊರಿನ ಮನೆಗೆ ಬಂದು ಆರು ದಿನ ಆಯ್ತು. ಆಸ್ಪತ್ರೆಗೆ ಫೋನ್ ಮಾಡಿದ್ರೆ ಮೂರನೇ ಮಾತಿಗೇ ನಿಮಗೆ ಕೆಮ್ಮು ಹತ್ತುತ್ತೆ, ಆಮೇಲೆ ನರ್ಸು ನನ್ನನ್ನೇ ಬೈತಾರೆ. ಅದಕ್ಕೇ ಈ ಕಾಗದ. ಫೋನಿನಲ್ಲಿ ನಾವಿಬ್ಬರು ಯಾವತ್ತೂ ಮೂರು ಮಾತು ದಾಟಿದವರಲ್ಲ ಅನ್ನೋದು ಬೇರೆ ವಿಷಯ.

ಔಷಧಿ ಅಂಗಡಿಯಲ್ಲಿ ರಜೆ ಕೇಳಿದೆ. ಅಂಗಡಿಯ ಅಮ್ಮ, "ಹದಿನೇಳು ವರ್ಷದಲ್ಲಿ ಇದೇ ಮೊದಲು ನೀನು ಮನೆಗೆ ಹೋಗ್ತೀನಿ ಅಂದದ್ದು. ಹೋಗು, ಕೆಲಸ ಎಲ್ಲಿಗೂ ಓಡಿಹೋಗಲ್ಲ" ಅಂದ್ರು.

ನಲವತ್ತೊಂದೂ ಕುರಿಗಳು ಇವೆ. ನಿಮ್ಮ ಮುದ್ದಿನ ಕುರಿ ಮೊಂಡಿ ಮೊದಲ ದಿನವೇ ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿ ಪರಿಚಯ ಮಾಡಿಕೊಂಡಳು. ಎಲ್ಲ ಗಬ್ಬ ಕಟ್ಟಿವೆ ಅಂತ ಪಕ್ಕದ ಹೊಲದ ಟ್ರ್ಯಾಕ್ಟರಣ್ಣ ಹೇಳಿದ. ಜನವರಿ ಮಧ್ಯಕ್ಕೆ ಮರಿ ಹಾಕೋಕೆ ಶುರು ಮಾಡ್ತಾವಂತೆ.

ತೊಂದರೆ ಇರೋದು ಹುಲ್ಲಿನಲ್ಲಿ. ಈ ವರ್ಷ ಕೊಯ್ದದ್ದೇ ತಡವಾಗಿ, ಕೊಯ್ದ ಮೇಲೆ ಮೂರು ದಿನ ಮಳೆ ಬೇರೆ. ಆಗಲೇ ನಿಮಗೆ ಉಸಿರು ಕಟ್ಟುತ್ತಿತ್ತು, ಯಾರಿಗೂ ಹೇಳಲಿಲ್ಲ. ಪಿಂಡಿ ಬಿಚ್ಚಿದರೆ ಒಳಗೆ ಬೂದಿಯ ಹಾಗೆ ಬೂಷ್ಟು ಹಾರುತ್ತೆ. ನಾನು ಮೂಗಿಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಂಡು ಬಿಚ್ಚುತ್ತೇನೆ, ಕೆಟ್ಟದ್ದನ್ನು ಹೊರಗೆ ಒಯ್ದು ಸುಡುತ್ತೇನೆ. ಉಳಿದದ್ದು ಬರೀ ದಂಟು. ಕುರಿಗಳ ಬೆನ್ನು ಮುಟ್ಟಿ ನೋಡಿದೆ. ಅರ್ಧಕ್ಕರ್ಧ ಕುರಿಗಳ ಬೆನ್ನುಮೂಳೆ ಕೈಗೆ ಚುಚ್ಚುತ್ತೆ.

ಸ್ವಲ್ಪ ಕೈತಿಂಡಿ ತರಬೇಕು ಅಂತಿದ್ದೇನೆ. ಮೆಕ್ಕೆಜೋಳದ ನುಚ್ಚು, ಬೂಸಾ, ಹಿಂಡಿ ಬೆರೆಸಿದ್ದು, ಚೀಲದಲ್ಲಿ ಬರುತ್ತಲ್ಲ, ಅದು. ಇಡೋಕೆ ಹಿಂದಿನ ಕೋಣೆ ಇದೆ, ಆದರೆ ಬಾಗಿಲಿಗೆ ಅಡ್ಡ ಹಲಗೆ ಹೊಡೆದಿದ್ದೀರಿ. ತೆಗೆಯಲಾ?

ಸ್ವೆಟರ್ ಕಳಿಸಿದ್ದೇನೆ. ಹಾಕಿಕೊಳ್ಳಿ.

ನಿಮ್ಮ ಮಗಳು


ನವೆಂಬರ್ 10

ಮಗಳಿಗೆ,

ಇಲ್ಲಿ ಕ್ಷೇಮ ಅಂತ ಬರೆಯೋದು ರೂಢಿ. ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಅದನ್ನು ಬರೆಯೋಕೆ ನಾಚಿಕೆಯಾಗುತ್ತೆ. ಪಕ್ಕದ ಮಂಚದವನಿಗೆ ನಾನು ರೇಡಿಯೋ ಅಂತ ಹೆಸರಿಟ್ಟಿದ್ದೇನೆ. ಶ್ವಾಸಕೋಶ ಒಂದೇ ಉಳಿದಿದೆಯಂತೆ. ಅವನು ಮಾತಾಡೋದು ನೋಡಿದರೆ ನಾಲ್ಕಾದರೂ ಇರಬೇಕು.

ಡಾಕ್ಟರು ಹುಲ್ಲಿನ ದೂಳಿನಿಂದಲೇ ಕಾಯಿಲೆ ಅಂತಾರೆ. ಐವತ್ತು ವರ್ಷ ಹುಲ್ಲಿನಲ್ಲೇ ಬಿದ್ದು ಎದ್ದವನಿಗೆ ಈಗ ಹುಲ್ಲು ಆಗೋದಿಲ್ಲ ಅಂದರೆ ಯಾರು ನಂಬೋದು?

ಕೈತಿಂಡಿ ಬೇಡ. ಹುಲ್ಲು ನಮ್ಮ ಹೊಲದ್ದು, ಪುಕ್ಕಟೆ. ಚೀಲ ಕಾಸು ಕೊಟ್ಟು ತರಬೇಕು. ನಾಲ್ಕು ಚೀಲಕ್ಕೆ ಒಂದು ಮರಿಯ ಬೆಲೆ ಹೋಗುತ್ತೆ. ಹುಟ್ಟದ ಮರಿಯನ್ನು ಮೊದಲೇ ಮಾರಿ ಅದರ ಅಮ್ಮನಿಗೆ ತಿನ್ನಿಸಿದ ಹಾಗೆ. ಕುರಿ ಹುಲ್ಲು ತಿನ್ನೋ ಪ್ರಾಣಿ. ದಂಟಾದರೆ ಇನ್ನೊಂದು ಹಿಡಿ ಜಾಸ್ತಿ ಹಾಕು, ಆರಿಸಿಕೊಂಡು ತಿನ್ನಲಿ.

ಆ ಕೋಣೆ ತೆಗೆಯಬೇಡ.

ಸ್ವೆಟರ್ ದೊಡ್ಡದಾಯ್ತು. ಇರಲಿ.

ಅಪ್ಪ


ನವೆಂಬರ್ 19

ಅಪ್ಪಾ,

ನಿಮ್ಮ ಕಾಗದ ಬರೋ ಮೊದಲೇ ಹತ್ತು ಚೀಲ ಇಳಿಸಿಯಾಗಿತ್ತು. ಹಲಗೆಯನ್ನೂ ಕಿತ್ತಾಯ್ತು. ಬೈಯಿರಿ.

ಅಂಗಡಿಯಲ್ಲಿ ಹದಿನೇಳು ವರ್ಷ ತೂಕ ಮಾಡಿದ ಕೈ ಇದು, ಸುಮ್ಮನಿರೋದಿಲ್ಲ. ಒಂದು ಕುರಿ ಎಷ್ಟು ಹುಲ್ಲು ತಿನ್ನುತ್ತೆ ಅಂತ ತೂಗಿ ನೋಡಿದೆ. ಹೊಟ್ಟೆಯಲ್ಲಿ ಎರಡು ಮರಿ ಇರೋ ಕುರಿಗೆ ಹುಲ್ಲು ಹಿಡಿಸೋ ಜಾಗವೇ ಇಲ್ಲ. ಇನ್ನೊಂದು ಹಿಡಿ ಜಾಸ್ತಿ ಹಾಕಿದರೆ ಅದು ಗೋದಲಿಯಲ್ಲೇ ಉಳಿಯುತ್ತೆ, ಹೊಟ್ಟೆಗೆ ಹೋಗೋದಿಲ್ಲ. ಅದಕ್ಕೆ ಬೇಕಿರೋದು ಕಡಿಮೆ ಜಾಗದಲ್ಲಿ ಹೆಚ್ಚು ಶಕ್ತಿ. ಬಡಕಲಾದ ಇಪ್ಪತ್ತು ಕುರಿಗಳಿಗೆ ಮಾತ್ರ ದಿನಕ್ಕೆ ಮುನ್ನೂರು ಗ್ರಾಂ ಕೊಟ್ಟರೆ ಒಂದು ಚೀಲ ಎಂಟು ದಿನ ಬರುತ್ತೆ. ಮರಿ ಹಾಕೋ ತನಕ ಏಳು ಚೀಲ. ಅಂದರೆ ಎರಡು ಮರಿಗೂ ಕಡಿಮೆ. ಹೋದ ವರ್ಷ ಹಾಲು ಸಾಲದೆ ಎಷ್ಟು ಮರಿ ಹೋದವು ಅಂತ ಟ್ರ್ಯಾಕ್ಟರಣ್ಣನ ಹತ್ತಿರ ಕೇಳಿದೆ. ಒಂಬತ್ತಂತೆ.

ಹುಲ್ಲು ಪುಕ್ಕಟೆ ಅಂತ ಬರೆದಿದ್ದೀರಿ. ನಿಮ್ಮ ಎದೆ ಆ ಲೆಕ್ಕದಲ್ಲಿ ಸೇರಿಲ್ಲ.

ನೀವು ಕೋಣೆ ಬೇಡ ಅಂದದ್ದು ಯಾಕೆ ಅಂತ ಗೊತ್ತು. ಇಪ್ಪತ್ತಾರು ವರ್ಷದಲ್ಲಿ ನಾವಿಬ್ಬರೂ ಅದನ್ನು ಬಾಯಿಬಿಟ್ಟು ಆಡಿಲ್ಲ. ಒಂದು ಸಲ ಬರೆದುಬಿಡ್ತೇನೆ, ಹಗುರಾಗಲಿ. ನನಗೆ ಒಂಬತ್ತು ವರ್ಷ. ಶಾಲೆಯಿಂದ ಬಂದು ನನ್ನ ಮರಿಗೆ ಅಂತ ಒಂದು ಹಿಡಿ ನುಚ್ಚು ತೆಗೆದುಕೊಂಡು ಹೋದೆ, ಬಾಗಿಲಿಗೆ ಬೋಲ್ಟ್ ಹಾಕಲಿಲ್ಲ. ಬೆಳಿಗ್ಗೆ ನೋಡಿದರೆ ಕುರಿಗಳು ಒಳಗೆ ನುಗ್ಗಿ ಚೀಲ ಹರಿದು ಹೊಟ್ಟೆ ಬಿರಿಯುವಷ್ಟು ತಿಂದಿದ್ದವು. ಎರಡು ದಿನದಲ್ಲಿ ಹತ್ತೊಂಬತ್ತು ಸತ್ತವು. ಅವುಗಳಲ್ಲಿ ಹನ್ನೊಂದು ದೊಡ್ಡಪ್ಪನವು. ಹೊಟ್ಟೆ ಡೋಲಿನ ಹಾಗೆ ಉಬ್ಬಿದ್ದು, ಅವು ಹಲ್ಲು ಕಡಿಯೋ ಸದ್ದು, ಎಲ್ಲ ನೆನಪಿದೆ. ಅಮ್ಮ ಹೊಡೆದದ್ದು ಅದೊಂದೇ ಸಲ. ಆಮೇಲೆ ಕೊಟ್ಟಿಗೆಯ ಹತ್ತಿರ ನನ್ನನ್ನು ಯಾರೂ ಬಿಡಲಿಲ್ಲ.

ಈಗ ನಾನು ಒಂಬತ್ತರವಳಲ್ಲ ಅಪ್ಪಾ. ಬೋಲ್ಟ್ ಹಾಕಿ ಬೀಗ ಜಡಿಯುತ್ತೇನೆ. ಮನೆವರೆಗೆ ಬಂದು ಮತ್ತೆ ಹೋಗಿ ಎಳೆದು ನೋಡುತ್ತೇನೆ. ಕೆಲವು ದಿನ ಮೂರು ಸಲ.

ಏನೂ ಆಗೋದಿಲ್ಲ. ನಂಬಿ.

ನಿಮ್ಮ ಮಗಳು


ನವೆಂಬರ್ 27

ಮಗಳಿಗೆ,

ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಆಕ್ಸಿಜನ್ ಜಾಸ್ತಿ ಇಟ್ಟರು.

ಕೈತಿಂಡಿ ನಿಲ್ಲಿಸು. ಇವತ್ತೇ. ಚೀಲ ವಾಪಸ್ ಕಳಿಸು. ಕೋಣೆಗೆ ಹಲಗೆ ಹೊಡಿ. ಆ ಕೊಟ್ಟಿಗೆ ನನ್ನದು, ಕುರಿ ನನ್ನವು, ನಾನಿನ್ನೂ ಸತ್ತಿಲ್ಲ. ನೀನು ಮಾತ್ರೆ ತೂಗಿದವಳು. ತೂಗೋದಕ್ಕೂ ಸಾಕೋದಕ್ಕೂ ವ್ಯತ್ಯಾಸ ಇದೆ. ಒಂದು ಸಲ ಆದದ್ದು ಸಾಲದೇ?

ನಿಲ್ಲಿಸೋದಿಲ್ಲ ಅಂದರೆ ಹೇಳು. ಟ್ರ್ಯಾಕ್ಟರಣ್ಣನಿಗೆ ಹೇಳಿ ಎಲ್ಲವನ್ನೂ ಮಾರಿಸಿಬಿಡ್ತೇನೆ. ನೀನು ನಿನ್ನ ಅಂಗಡಿಗೆ ಹೋಗು.

ಅಪ್ಪ


ಡಿಸೆಂಬರ್ 5

ಅಪ್ಪಾ,

ನಿಲ್ಲಿಸಿದ್ದೇನೆ. ಎರಡು ಚೀಲ ಖರ್ಚಾಗಿತ್ತು. ಬಾಯಿ ಬಿಚ್ಚದ ಏಳನ್ನು ವಾಪಸ್ ತೆಗೆದುಕೊಂಡರು, ಬೆಲೆ ಮುರಿದುಕೊಂಡು. ಬಿಚ್ಚಿದ ಒಂದು ಉಳಿದಿದೆ.

ಕುರಿಗಳು ಗೋದಲಿಯ ಹತ್ತಿರ ನಿಂತು ನನ್ನ ಕೈ ನೋಡುತ್ತವೆ.

ನಿಮ್ಮ ಮಗಳು


ಡಿಸೆಂಬರ್ 21

ಅಪ್ಪಾ,

ನೀವು ಬರೆದಿಲ್ಲ. ನಾನೂ ಬರೆಯಬಾರದು ಅಂತಿದ್ದೆ. ಆದರೆ ಬೇರೆ ಯಾರಿಂದಲೋ ನಿಮಗೆ ತಿಳಿಯೋದು ಬೇಡ.

ಕಳೆದ ವಾರ ಸೋಮವಾರ ಬೆಳಿಗ್ಗೆ ಒಂದು ಕುರಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು. ಹುಲ್ಲು ಮೂಸಲಿಲ್ಲ. ಕಣ್ಣ ಮುಂದೆ ಕೈ ಆಡಿಸಿದರೂ ರೆಪ್ಪೆ ಬಡಿಯಲಿಲ್ಲ. ಮಧ್ಯಾಹ್ನ ಬಿತ್ತು. ಮಾರನೇ ದಿನ ಇನ್ನೆರಡು. ಪಶುವೈದ್ಯೆ ಬಂದರು. ಸಣ್ಣ ವಯಸ್ಸಿನವರು, ಬೂಟಿನ ತುಂಬ ಕೆಸರು, ನೇರ ಮಾತು. ಕುರಿಯ ಉಸಿರು ಮೂಸಿ ನೋಡಿ, "ಹೊಟ್ಟೆಯಲ್ಲಿ ಎರಡೆರಡು ಮರಿ. ಈ ಹುಲ್ಲಿನಲ್ಲಿ ಅಷ್ಟು ಶಕ್ತಿ ಇಲ್ಲ. ಮರಿಗಳು ತಾಯಿಯ ಕೊಬ್ಬನ್ನೇ ಕರಗಿಸಿ ತಿಂತಿವೆ, ಕರಗಿದ ಕೊಬ್ಬಿನ ವಿಷ ತಾಯಿಯ ತಲೆಗೆ ಏರಿದೆ" ಅಂದರು. ಬಾಯಿಗೆ ಬೆಲ್ಲದ ನೀರು ಹಾಕಿದೆವು, ಸೂಜಿ ಚುಚ್ಚಿದರು. ಒಟ್ಟು ಏಳು ಕುರಿ ಬಿದ್ದವು. ಎರಡು ಎದ್ದವು. ಐದು ಹೋದವು.

ಮೊಂಡಿಯೂ ಹೋದಳು. ಅವಳು ಕೊನೆಯವಳು.

ಚೀಲದಲ್ಲಿ ಒಂದಿಷ್ಟು ಉಳಿದದ್ದು ನೋಡಿ ವೈದ್ಯೆ ಕೇಳಿದರು, "ಕೈತಿಂಡಿ ಕೊಡ್ತಿದ್ದಿರಾ? ಮತ್ತೆ ಯಾಕೆ ನಿಲ್ಲಿಸಿದಿರಿ? ಬೇಕಾದ ಹೊತ್ತಿಗೇ ನಿಲ್ಲಿಸಿದ್ದೀರಲ್ಲ. ಯಾರು ಹೇಳಿದ್ದು?"

ಯಾರೂ ಇಲ್ಲ, ನಾನೇ ಅಂದೆ. ಅವರು ಕೈ ತೊಳೆದುಕೊಂಡು ಹೋದರು.

ಐದು ಕುರಿ, ಅವುಗಳ ಹೊಟ್ಟೆಯಲ್ಲಿ ಹತ್ತು ಮರಿ. ಐದು ಚೀಲ ಉಳಿಸೋಕೆ.

ಮತ್ತೆ ಕೊಡೋಕೆ ಶುರು ಮಾಡಿದ್ದೇನೆ. ಈ ಸಲ ನಿಮ್ಮನ್ನು ಕೇಳ್ತಿಲ್ಲ. ಮಾರಿಸೋದಾದರೆ ಮಾರಿಸಿ.

ನಿಮ್ಮ ಮಗಳು


ಜನವರಿ 2

ಮಗಳಿಗೆ,

ನಿನ್ನ ಕಾಗದ ಬಂದು ಒಂದು ವಾರ ಆಯ್ತು. ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ರೇಡಿಯೋ ಕೂಡ ಎರಡು ದಿನದಿಂದ ನನ್ನ ಮುಖ ನೋಡಿ ಸುಮ್ಮನಿದ್ದಾನೆ.

ಕುರಿ ಸತ್ತದ್ದಕ್ಕೆ ನಾನು ಕಾರಣ. ಅದು ನಿನಗೂ ಗೊತ್ತು, ನನಗೂ ಗೊತ್ತು. ಆದರೆ ನನ್ನನ್ನು ನಿದ್ದೆ ಮಾಡೋಕೆ ಬಿಡದಿರೋದು ಅದಲ್ಲ. 'ನಾನೇ ಅಂದೆ' ಅಂತ ಬರೆದಿದ್ದೀಯಲ್ಲ, ಆ ಮಾತು. ಅದೇ ಮಾತನ್ನು ನೀನು ಒಂಬತ್ತು ವರ್ಷದವಳಿದ್ದಾಗಲೂ ಅಂದಿದ್ದೆ.

ಇದನ್ನು ಹೇಗೆ ಬರೆಯಬೇಕು ಗೊತ್ತಿಲ್ಲ. ನಡೆದ ಹಾಗೆ ಬರೆಯುತ್ತೇನೆ.

ಆ ದಿನ ನೀನು ಶಾಲೆಯಿಂದ ಬಂದು ಕೋಣೆಗೆ ಹೋದದ್ದು ಮಧ್ಯಾಹ್ನ. ನಾನು ಹೋದದ್ದು ಸಂಜೆ, ನೀನು ಹೋಗಿ ಎರಡು ಗಂಟೆಯಾದ ಮೇಲೆ. ನಾನು ಹೋದಾಗ ಬೋಲ್ಟ್ ಹಾಕಿತ್ತು. ನೀನು ಸರಿಯಾಗಿ ಹಾಕಿದ್ದೆ.

ತೆಗೆದವನು ನಾನು. ಒಂದು ಚೀಲ ನುಚ್ಚನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಹೊರಗೆ ಬಂದೆ, ಬಾಗಿಲನ್ನು ಕಾಲಿನಿಂದ ತಳ್ಳಿದೆ. ಅಷ್ಟರಲ್ಲಿ ಹುಲ್ಲು ಕೊಳ್ಳೋಕೆ ಬಂದವನು ಗೇಟಿನ ಹತ್ತಿರ ಮೋಟಾರ್ ಸೈಕಲ್ಲಿನ ಹಾರ್ನ್ ಒತ್ತಿದ. ಬಂದು ಬೋಲ್ಟ್ ಹಾಕೋಣ ಅಂದುಕೊಂಡೆ. ಅವನ ಜೊತೆ ಚೌಕಾಸಿ ಮಾಡುತ್ತ ಕೂತೆ. ಮರೆತೆ. ಇಷ್ಟೇ.

ಬೆಳಿಗ್ಗೆ ಕುರಿಗಳ ನಡುವೆ ನಿಂತು ನಿನ್ನ ಅಮ್ಮ ಕೇಳಿದಳು, "ಕೊನೆಗೆ ಒಳಗೆ ಹೋದವರು ಯಾರು?" ನಾನು ಬಾಯಿ ತೆರೆದೆ. ಅಷ್ಟರಲ್ಲಿ ನೀನು ಅವಳ ಸೆರಗು ಹಿಡಿದು, "ನಾನೇ ಇರಬೇಕಮ್ಮ" ಅಂದೆ. ಇರಬೇಕು ಅಂದೆ. ನಿನಗೇ ಖಚಿತ ಇರಲಿಲ್ಲ. ಅವಳು ಹೊಡೆದಳು. ನಾನು ತೆರೆದ ಬಾಯಿ ಮುಚ್ಚಿದೆ.

ಯಾಕೆ ಅಂತ ಕೇಳ್ತೀಯ. ಆಗ ನಿನ್ನ ದೊಡ್ಡಪ್ಪನಿಗೂ ನನಗೂ ಪಾಲಿನ ಮಾತು ನಡೀತಿತ್ತು. ಕೈತಿಂಡಿ ತಂದದ್ದು ನಾನು. ಅವನು ಬೇಡ ಅಂದರೂ ಕೇಳದೆ ತಂದಿದ್ದೆ. ಅವನ ಹನ್ನೊಂದು ಕುರಿ ನನ್ನ ಕೈಯಿಂದ ಸತ್ತವು ಅಂದರೆ ನನ್ನ ಪಾಲಿನ ಹೊಲದಲ್ಲಿ ಅರ್ಧ ಹೋಗೋದು. ಅವನು ಬಂದ. ನಿನ್ನನ್ನು ಎತ್ತಿಕೊಂಡು, "ಮಗು, ಗೊತ್ತಾಗಿಲ್ಲ, ಬಿಡಿ" ಅಂದ. ತಪ್ಪು ನಿನ್ನ ಹೆಸರಿಗೆ ಬಿದ್ದು ಎಲ್ಲ ಸಲೀಸಾಗಿ ಮುಗೀತು.

ಪಾಲು ಆದ ಮೇಲೆ ಹೇಳೋಣ ಅಂದುಕೊಂಡೆ. ನೀನು ಸ್ವಲ್ಪ ದೊಡ್ಡವಳಾಗಲಿ ಅಂದುಕೊಂಡೆ. ನಿನ್ನ ಅಮ್ಮ ಹಾಸಿಗೆ ಹಿಡಿದಾಗ ಅವಳಿಗಾದರೂ ಹೇಳಬೇಕಿತ್ತು. "ಆ ಒಂದು ಸಲ ಮಗೂಗೆ ಹೊಡೆದುಬಿಟ್ಟೆ" ಅಂತ ಅವಳಾಗಿಯೇ ಎತ್ತಿದಳು. ನಾನು ಅವಳ ಕಾಲಿಗೆ ಹೊದಿಕೆ ಎಳೆದೆ. ಹೇಳಲಿಲ್ಲ. ನೀನು ಹದಿನೆಂಟಕ್ಕೆ ಬ್ಯಾಗು ಹಿಡಿದು ಬಸ್ಸು ಹತ್ತಿದ ದಿನ ನಿಲ್ದಾಣದವರೆಗೆ ಬಂದೆ. ಅಲ್ಲೂ ಹೇಳಲಿಲ್ಲ.

ಕೈತಿಂಡಿಯ ಮಾತು ಬಂದಾಗಲೆಲ್ಲ ನಷ್ಟದ ಮಾತಾಡಿದೆ. ಹುಲ್ಲು ಪುಕ್ಕಟೆ, ಚೀಲ ದುಬಾರಿ ಅಂತ. ನನಗೆ ಆ ಬಾಗಿಲು ತೆರೆಯೋದು ಬೇಡವಾಗಿತ್ತು, ಬೇರೆ ಏನೂ ಅಲ್ಲ.

ಕ್ಷಮಿಸು ಅಂತ ಬರೆಯೋದಿಲ್ಲ. ಬರೆದರೆ ನೀನು ಉತ್ತರ ಕೊಡಬೇಕಾಗುತ್ತೆ.

ಅಪ್ಪ


ಫೆಬ್ರವರಿ 11

ಅಪ್ಪನಿಗೆ,

ಕುರಿಗಳ ವಿಷಯ.

ಮೂವತ್ತಾರೂ ಮರಿ ಹಾಕಿವೆ. ಹುಟ್ಟಿದ್ದು ನಲವತ್ತೆಂಟು, ಬದುಕಿರೋದು ನಲವತ್ನಾಲ್ಕು. ಹೋದ ವರ್ಷ ನಲವತ್ತೊಂದು ಕುರಿಗಳಿಂದ ಉಳಿದದ್ದು ಮೂವತ್ತಮೂರು ಅಂತ ಟ್ರ್ಯಾಕ್ಟರಣ್ಣ ಹೇಳುತ್ತಾನೆ.

ಎಲ್ಲ ಕುರಿಗೂ ಕೈತಿಂಡಿ ಕೊಡೋದು ದಂಡ. ಒಂದೇ ಮರಿ ಇದ್ದು ಬೆನ್ನು ತುಂಬಿದ್ದರೆ ಹುಲ್ಲೇ ಸಾಕು, ಮೇಲೆ ಕೊಟ್ಟದ್ದು ಅದರ ಬೆನ್ನಿಗೇ ಕೊಬ್ಬಾಗಿ ಹತ್ತುತ್ತೆ, ಮಾರೋ ಮರಿಗೆ ಬರೋದಿಲ್ಲ. ಎರಡು ಮರಿ ಇರೋದಕ್ಕೆ, ಬಡಕಲಾದದ್ದಕ್ಕೆ ಕೊಟ್ಟರೆ ಮಾತ್ರ ಹಾಕಿದ್ದು ಕೈಗೆ ವಾಪಸ್ ಬರುತ್ತೆ. ಹಾಲು ಕುಡಿಸೋ ತಿಂಗಳೂ ಸೇರಿ ಹದಿನಾಲ್ಕು ಚೀಲ ಆಗಬಹುದು. ಮೂರೂವರೆ ಮರಿಯ ಬೆಲೆ. ಈಗ ಮರಿಯ ಬೆಲೆ ಇಳೀತಿದೆ, ಒಂದಕ್ಕೆ ಮೂರೇ ಚೀಲ ಬರುತ್ತೆ ಅಂತ ವ್ಯಾಪಾರಿ ಹೇಳಿದ. ಆದರೂ ನಷ್ಟ ಇಲ್ಲ. ಒಂದೂವರೆ ಚೀಲಕ್ಕೆ ಬಿದ್ದರೆ ಯೋಚನೆ ಮಾಡಬೇಕು.

ಬರೋ ವರ್ಷ ಹುಲ್ಲನ್ನು ಮೂರು ವಾರ ಮೊದಲೇ ಕೊಯ್ಯುತ್ತೇನೆ. ಎಳೆಯದಾದರೆ ಕೈತಿಂಡಿ ಅರ್ಧಕ್ಕೆ ಇಳಿಸಬಹುದು.

ವೈದ್ಯೆ ಎರಡು ಸಲ ಬಂದು ಹೋದರು.

ಮಗಳು


ಫೆಬ್ರವರಿ 18

ಮಗಳಿಗೆ,

ಬರೋ ವರ್ಷ ಕೊಯ್ಯುತ್ತೇನೆ ಅಂತ ಬರೆದಿದ್ದೀಯ. ಮೂರು ಸಲ ಓದಿದೆ.

ರೇಡಿಯೋ ಹೋದ. ಶುಕ್ರವಾರ ಊಟದ ತಟ್ಟೆ ಬರೋ ಹೊತ್ತಿಗೆ. ವಾರ್ಡು ಇಷ್ಟು ದೊಡ್ಡದು ಅಂತ ಈಗ ಗೊತ್ತಾಯ್ತು.

ಮುಂದಿನ ತಿಂಗಳ ಕೊನೆಗೆ ಕಳಿಸ್ತೇವೆ ಅಂದಿದ್ದಾರೆ. ಇನ್ನು ಮಾಡೋದಕ್ಕೆ ಅವರ ಹತ್ತಿರ ಏನಿಲ್ಲ. ಹುಲ್ಲು ಇರೋ ಕಡೆ ಕಾಲಿಡಬಾರದಂತೆ, ಪಕ್ಕದ ಕೋಣೆಯಲ್ಲಿ ಇದ್ದರೂ ಆಗದಂತೆ. ಇನ್ನೊಂದು ಸಲ ದೂಳು ಒಳಗೆ ಹೋದರೆ ಹೇಳೋಕಾಗದು ಅಂದರು. ಹುಲ್ಲಿಲ್ಲದೆ ಕುರಿ ಇಲ್ಲ. ಕುರಿ ಮಾರಿದರೆ ಮನೆಗೆ ಬರಬಹುದು. ಕಿಟಕಿಯ ಪಕ್ಕ ಒಂದು ಮಂಚ ಸಾಕು ನನಗೆ. ಇದು ನಾನು ಹೇಳ್ತಿರೋದಲ್ಲ, ಡಾಕ್ಟರು ಹೇಳಿದ್ದು. ನನ್ನದೂ ಸ್ವಲ್ಪ ಇದೆ.

ನೀನು ಹೇಗೆ ಹೇಳ್ತೀಯೋ ಹಾಗೆ.

ಜನವರಿಯ ಕಾಗದ ತಲುಪಿತಾ ಅಂತ ಮಾತ್ರ ತಿಳಿಸು.

ಅಪ್ಪ


ಮಾರ್ಚ್ 6

ಅಪ್ಪನಿಗೆ,

ತಲುಪಿತು. ಜನವರಿ ಎಂಟಕ್ಕೆ. ಗೋದಲಿಯ ಅಂಚಿನ ಮೇಲೆ ಕೂತು ಓದಿದೆ. ಅವತ್ತೇ ಮೊದಲ ಕುರಿ ಮರಿ ಹಾಕಿತು, ಹೊತ್ತಿಗೆ ಮೊದಲೇ, ಅದಕ್ಕೆ ನಾನು ಏಳಬೇಕಾಯ್ತು. ಆಮೇಲೆ ಒಂದರ ಹಿಂದೆ ಒಂದು. ಅದೊಂದು ಒಳ್ಳೆಯದಾಯ್ತು.

ಯಾರಿಗಾದರೂ ಹೇಳಬೇಕು ಅನ್ನಿಸಿತು. 'ನಾನಲ್ಲ, ನಾನು ಬೋಲ್ಟ್ ಹಾಕಿದ್ದೆ' ಅಂತ. ಯೋಚಿಸಿ ನೋಡಿದೆ. ದೊಡ್ಡಪ್ಪ ಇಲ್ಲ. ಅಮ್ಮ ಇಲ್ಲ. ಗೊತ್ತಾಗಬೇಕಾದವರೆಲ್ಲ ಹೋಗಿಯಾಗಿದೆ. ನೀವು ಅದಕ್ಕೇ ಕಾದಿರೋ, ತಾನಾಗಿ ಹಾಗಾಯ್ತೋ, ನನಗೆ ಗೊತ್ತಿಲ್ಲ. ಕೊನೆಗೆ ಟ್ರ್ಯಾಕ್ಟರಣ್ಣನಿಗೆ ಹೇಳಿದೆ. "ಯಾವ ಬಾಗಿಲು?" ಅಂದ. ಅವನಿಗೆ ಆ ವಿಷಯವೇ ನೆನಪಿಲ್ಲ. ನಾನು ಇಪ್ಪತ್ತಾರು ವರ್ಷ ಹೊತ್ತು ತಿರುಗಿದ್ದು ಅವನಿಗೆ ನೆನಪೇ ಇಲ್ಲ ಅಪ್ಪಾ.

ಮನೆಯ ವಿಷಯ. ಕುರಿ ಮಾರೋದಿಲ್ಲ. ನೀವು ಮನೆಗೆ ಬರಬೇಡಿ.

ಔಷಧಿ ಅಂಗಡಿಯ ಮಹಡಿಯ ಮೇಲೆ ನಾನಿದ್ದ ಕೋಣೆ ಖಾಲಿ ಇದೆ. ಮಾತಾಡಿದ್ದೇನೆ. ಕೆಳಗೆ ಅಂಗಡಿ, ಎದುರಿಗೆ ಡಾಕ್ಟರು, ಬೀದಿಗೆ ಡಾಂಬರು. ದೂಳಿಲ್ಲ. ಅಂಗಡಿಯ ಅಮ್ಮ ಎರಡು ಹೊತ್ತು ಊಟ ಕಳಿಸ್ತಾರೆ. ವರ್ಷದ ಬಾಡಿಗೆಗೂ ಊಟಕ್ಕೂ ಹನ್ನೆರಡು ಮರಿ ಬೇಕಾಗುತ್ತೆ. ಬರೀ ಹುಲ್ಲು ಹಾಕಿದ್ದರೆ ಅಷ್ಟು ಮಿಗುತ್ತಿರಲಿಲ್ಲ, ಈಗ ಮಿಗುತ್ತೆ. ನಾನು ಅಂಗಡಿ ಬಿಟ್ಟೆ.

ಮೆಟ್ಟಿಲು ಹದಿನಾಲ್ಕು. ನಿಧಾನಕ್ಕೆ ಹತ್ತಿ.

ಮಗಳು


ಏಪ್ರಿಲ್ 8

ಮಗಳಿಗೆ,

ಹದಿನಾಲ್ಕು ಮೆಟ್ಟಿಲಿಗೆ ಮೂರು ಸಲ ಕೂತೆ. ಅಂಗಡಿಯ ಹುಡುಗಿ ಕುರ್ಚಿ ಹಿಡಿದುಕೊಂಡು ಹಿಂದೆಯೇ ಬಂದಳು. ದೊಡ್ಡ ಮನುಷ್ಯನ ಮೆರವಣಿಗೆಯ ಹಾಗಿತ್ತು.

ಕೋಣೆ ಸಣ್ಣದು, ಚೊಕ್ಕ. ಗೋಡೆಗೆ ನೀನು ಹೊಡೆದ ಮೊಳೆಗಳಿವೆ, ನನ್ನ ಅಂಗಿ ತೂಗುಹಾಕಿದ್ದೇನೆ. ನಿನ್ನ ಮಂಚದ ಮೇಲೆ ಮಲಗುತ್ತೇನೆ. ಈ ಮಂಚದಲ್ಲಿ ನೀನು ಹದಿನೇಳು ವರ್ಷ ಏನು ಯೋಚನೆ ಮಾಡುತ್ತ ಮಲಗಿದ್ದಿರಬೇಕು ಅಂತ ನೋಡ್ತೇನೆ. ಗೊತ್ತಾಗೋದಿಲ್ಲ. ಗೊತ್ತಾಗದಿದ್ದರೂ ನಿದ್ದೆ ಬರೋದಿಲ್ಲ.

ಅಂಗಡಿಯ ಅಮ್ಮ ಮೊನ್ನೆ ಬಂದು ಕೂತಿದ್ದರು. ನೀನು ದಿನವೂ ಅಂಗಡಿ ಮುಚ್ಚಿದ ಮೇಲೆ ಶಟರಿನ ಬೀಗವನ್ನು ಮೂರು ಸಲ ಎಳೆದು ನೋಡುತ್ತಿದ್ದೆಯಂತೆ. ಬೀದಿಯ ತುದಿಗೆ ಹೋಗಿ ಮತ್ತೆ ವಾಪಸ್ ಬರುತ್ತಿದ್ದೆಯಂತೆ. "ಅಂಥ ಜವಾಬ್ದಾರಿ ಇರೋ ಹುಡುಗೀನ ನಾನು ನೋಡಿಲ್ಲ, ಚೆನ್ನಾಗಿ ಬೆಳೆಸಿದ್ದೀರಿ" ಅಂದರು ನನಗೆ. ನಾನು ಕೆಮ್ಮಿದೆ. ಅವರು ನೀರು ಕೊಟ್ಟರು.

ಮನೆಗೆ ಬರಬೇಡಿ ಅಂದೆ. ದೂಳಿಗೆ ಅಂದೆಯೋ ಇನ್ನೊಂದಕ್ಕೆ ಅಂದೆಯೋ ನಾನು ಕೇಳೋದಿಲ್ಲ. ಕೇಳೋ ಹಕ್ಕು ನನಗಿಲ್ಲ.

ಮರಿಗಳು ಹೇಗಿವೆ?

ಅಪ್ಪ


ಏಪ್ರಿಲ್ 19

ಅಪ್ಪಾ,

ಕೇಳೋದಿಲ್ಲ ಅಂದಿದ್ದೀರಿ. ಕೇಳದಿದ್ದರೂ ಹೇಳ್ತೇನೆ. ಎರಡಕ್ಕೂ.

ದೂಳಿಗೆ ಅಂತ ಹೇಳಿ ಸುಮ್ಮನಿರಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಸುಮ್ಮನಿರೋದು ಎಷ್ಟು ವರ್ಷ ನಡೆಯುತ್ತೆ ಅಂತ ನೋಡಿಯಾಯ್ತಲ್ಲ.

ಸಿಟ್ಟಿದೆ. ಬೆಳಿಗ್ಗೆ ಕೆಲಸದಲ್ಲಿ ಮರೆತಿರುತ್ತೆ, ಶಾಲೆ ಬಿಡೋ ಹೊತ್ತಿಗೆ ರಸ್ತೆಯಲ್ಲಿ ಮಕ್ಕಳ ಸದ್ದು ಕೇಳಿದರೆ ಮತ್ತೆ ಏಳುತ್ತೆ. ನಿಮ್ಮ ಉಸಿರಿನ ಯೋಚನೆಯೂ ಇದೆ. ಒಂದು ಬಂದರೆ ಇನ್ನೊಂದು ಹೋಗುತ್ತೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಎರಡೂ ಇವೆ, ಇರಲಿ.

ಮರಿಗಳಲ್ಲಿ ಇನ್ನೆರಡು ಹೋದವು, ನಲವತ್ತೆರಡು ಉಳಿದಿವೆ. ಗುರುವಾರ ವ್ಯಾಪಾರಿ ಬರ್ತಾನೆ. ಬೆಲೆ ಇನ್ನೂ ಬಿದ್ದಿದೆ. ಆದರೂ ನಿಮ್ಮ ಕೋಣೆಯ ಬಾಡಿಗೆಗೆ ಸಾಕಾಗುತ್ತೆ, ಬರೋ ವರ್ಷದ ಚೀಲಗಳಿಗೂ ಸಾಕಾಗುತ್ತೆ. ನನಗೆ ಅಂತ ಹೆಚ್ಚೇನೂ ಉಳಿಯೋದಿಲ್ಲ.

ಭಾನುವಾರ ಹನ್ನೊಂದರ ಬಸ್ಸಿಗೆ ಬರ್ತೇನೆ. ತಲೆಗೆ ಸ್ನಾನ ಮಾಡಿ, ಕೊಟ್ಟಿಗೆಗೆ ಹಾಕದ ಬಟ್ಟೆ ಹಾಕಿಕೊಂಡು ಬರ್ತೇನೆ, ಕೂದಲಲ್ಲಿ ದೂಳು ಇರಬಾರದು ಅಂತ ಡಾಕ್ಟರು ಹೇಳಿದ್ದಾರೆ. ಎರಡು ಗಂಟೆ ಇರ್ತೇನೆ. ಆ ದಿನದ ಮಾತು ಮತ್ತೆ ಬೇಡ, ಬರೆದದ್ದು ಸಾಕು.

ಅಮ್ಮನ ವಿಷಯ ಹೇಳಿ. ನನಗೆ ಹದಿನಾಲ್ಕು ಆದಾಗ ಅವಳು ಹೋದಳು. ನೆನಪಲ್ಲಿ ಇರೋದೆಲ್ಲ ಆ ಏಟಿನ ನಂತರದ ಅಮ್ಮ. ನಾನು ಹತ್ತಿರ ಹೋದರೆ ಅವಳ ಕೈ ಒಂದು ಕ್ಷಣ ತಡೆದು ಆಮೇಲೆ ನನ್ನ ತಲೆಗೆ ಬರುತ್ತಿತ್ತು. ಅದಕ್ಕೂ ಮೊದಲು ಅವಳು ನನ್ನನ್ನು ಹೇಗೆ ಕರೀತಿದ್ದಳು, ಹೇಗೆ ಎತ್ತಿಕೊಳ್ತಿದ್ದಳು ಅಂತ ಈಗ ನಿಮಗೊಬ್ಬರಿಗೇ ಗೊತ್ತಿರೋದು.

ಒಂದೊಂದೇ ಹೇಳಿ. ಕೆಮ್ಮು ಬಂದರೆ ಬರೆದು ತೋರಿಸಿ. ನಾನು ಕಾಯ್ತೇನೆ.

ನಿಮ್ಮ ಮಗಳು